ಸೀಸದ ತಾಯತ

ಆ ಬೀದಿಯಲ್ಲಿ ಹುಟ್ಟಿದ ಕೂಸಿಗೆ ಹೆಸರಿಡುವುದು ತಡವಾದರೂ ತಾಯತ ಕಟ್ಟುವುದು ತಡವಾಗುತ್ತಿರಲಿಲ್ಲ. ಕಟ್ಟುವವಳು ತಾಯತದಜ್ಜಿ. ನಲ್ಲಿ ರಿಪೇರಿ ಮಾಡುವ ಮಗ ಹಳೆ ಮನೆಗಳಿಂದ ಕಿತ್ತು ತಂದ ಸೀಸದ ಪೈಪನ್ನು ಬಡಿದು ತಗಡು ಮಾಡಿ, ಮೊಳೆಯಿಂದ ಕಣ್ಣಿನ ಗುರುತು ಕೊರೆದು, ಸುರುಳಿ ಸುತ್ತಿ ಕಪ್ಪು ದಾರಕ್ಕೆ ಪೋಣಿಸುತ್ತಿದ್ದಳು. ಮಕ್ಕಳೆಂದರೆ ಅವಳಿಗೆ ಪ್ರಾಣ.

ಅಂಥವಳು ಸ್ವಂತ ಮೊಮ್ಮಗಳ ವಿಷಯದಲ್ಲಿ ಕೈ ಬಿಗಿ ಹಿಡಿದಾಳೆಯೇ? ಎಲ್ಲರದಕ್ಕಿಂತ ದಪ್ಪದ್ದೇ ಕಟ್ಟಿದಳು. ಹಲ್ಲು ಬರುತ್ತಿದ್ದ ಮಗು ಅದನ್ನು ಬಾಯಿಂದ ತೆಗೆಯುತ್ತಲೇ ಇರಲಿಲ್ಲ.

“ನೋಡೇ, ತನ್ನ ಕಾಯೋದು ಯಾವುದು ಅಂತ ಅದಕ್ಕೂ ಗೊತ್ತು,” ಎಂದು ಸೊಸೆಗೆ ತೋರಿಸಿ ನಗುತ್ತಿದ್ದಳು.

ಮಗು ಬಿಳಿಚಿಕೊಂಡಿತು. ಹಾಲು ಕುಡಿದರೆ ವಾಂತಿ, ಹೊಟ್ಟೆ ನೋವಿಗೆ ಚೀರಾಟ. ಅಜ್ಜಿ ಇನ್ನೊಂದು ತಾಯತ ಮಾಡಿ ಕೈಗೆ ಕಟ್ಟಿದಳು. ಅದೂ ಬಾಯಿಗೇ ಹೋಯಿತು.

ಸೊಸೆ ಮಗುವನ್ನೆತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಹೋದಳು. ತಗಡಿನ ಮೇಲಿನ ಹಲ್ಲಿನ ಗುರುತು ನೋಡಿ ಅವರು ಗಾಬರಿಯಾದರು. “ಇದು ಸೀಸಮ್ಮ, ವಿಷ. ಚೀಪಿದಷ್ಟೂ ರಕ್ತಕ್ಕೆ ಸೇರುತ್ತೆ. ಈಗಲೇ ಬಿಚ್ಚಿ, ಮಗೂನ ದೊಡ್ಡಾಸ್ಪತ್ರೆಗೆ ಸೇರಿಸಿ.”

ಗಂಡನನ್ನು ಕರೆದೊಯ್ಯಲು ಅವಳು ಮನೆಗೆ ಬಂದಳು. ಅದೇ ತಪ್ಪಾಯಿತು. ಮಗುವಿನ ಬರಿ ಕೊರಳು ನೋಡಿ ಅಜ್ಜಿ ಕೆಂಡವಾದಳು.

“ಇದನ್ನೇ ಕಟ್ಟಿ ನಿನ್ನ ಗಂಡನ್ನ ಸಾಕಿಲ್ವಾ ನಾನು?”

“ಅತ್ತೆ, ಬೇಕಾದ್ರೆ ಬಟ್ಟೇದು ಕಟ್ಟಿ. ಇದೊಂದು ಬೇಡ.”

“ಬಟ್ಟೆಗೆಲ್ಲಿಂದ ಬರುತ್ತೆ ಶಕ್ತಿ?”

ಮಗ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಸ್ವಲ್ಪ ದಿನ ಅಮ್ಮ ಹೇಳ್ದಂಗೆ ನೋಡೋಣ,” ಎಂದ. ತಾಯತ ಮತ್ತೆ ಕೊರಳಿಗೇರಿತು.

ಮಗುವಿಗೆ ಫಿಟ್ಸ್ ಬಂದಾಗ ಎಲ್ಲರೂ ದೊಡ್ಡಾಸ್ಪತ್ರೆಗೆ ಓಡಿದರು. ಮಗು ಉಳಿಯಲಿಲ್ಲ. ಅಲ್ಲಿಯ ಡಾಕ್ಟರು ಬೈಯಲಿಲ್ಲ, ಎಕ್ಸ್‌ರೇ ತೋರಿಸಿದರು. ಪುಟ್ಟ ಹೊಟ್ಟೆಯೊಳಗೆ ಬೆಳ್ಳಗೆ ತಗಡಿನ ಚೂರುಗಳು. ತನ್ನ ತಗಡಿನ ಗುರುತು ಅಜ್ಜಿಗೆ ಸಿಗದಿರುತ್ತದೆಯೇ?

ಸೊಸೆ ಅವಳೊಂದಿಗೆ ಮಾತು ಬಿಟ್ಟಳು. ಒಂದು ಬೆಳಿಗ್ಗೆ ಅಜ್ಜಿ ಪಕ್ಕದ ಮನೆಗೆ ಹೋಗಿ, “ತಾಯತ ಬಿಚ್ಚಿ ಕೊಡಮ್ಮ, ಅದು ವಿಷ,” ಎಂದಳು.

“ದುಃಖದಲ್ಲಿ ಏನೇನೋ ಮಾತಾಡ್ತೀರ ಅಜ್ಜಿ. ನಿಮ್ಮ ಕೈಗುಣ ನಮಗೆ ಗೊತ್ತಿಲ್ವಾ?” ಎಂದು ಪಕ್ಕದ ಮನೆಯವಳು ಕೂಸಿನ ಅಂಗಿಯೊಳಕ್ಕೆ ತಾಯತ ಸೇರಿಸಿ ಬಾಗಿಲು ಮುಂದೆ ಮಾಡಿದಳು.

ಅಜ್ಜಿ ಅಲ್ಲೇ ಕುಸಿದು ಅತ್ತಳು. ಇಷ್ಟು ವರ್ಷ ತಾನೇ ಬೆಳೆಸಿದ ನಂಬಿಕೆ ಈಗ ಅವಳ ಮಾತನ್ನೇ ಕೇಳುತ್ತಿರಲಿಲ್ಲ. ಸೊಸೆ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

“ನಿಮ್ಮನ್ನ ಕ್ಷಮಿಸಿ ಬಂದಿಲ್ಲ ಅತ್ತೆ,” ಎಂದವಳೇ ತಾನೇ ಬಾಗಿಲು ಬಡಿದಳು.

ಬಾಗಿಲು ತೆರೆಯಿತು.

“ನಂದು ಹೋಯ್ತು,” ಎಂದಳು ಸೊಸೆ. “ನಿಮ್ಮದು ಬದುಕಲಿ. ಬಿಚ್ಚಿ.”