ಒಲೆಯ ಹಿಂದಿನ ಬಿಯರು

ಚರ್ಚಿನ ಅಂಗಳದಲ್ಲಿ ಗ್ಲೆನ್‌ನ ಕೆಂಪು ಪಿಕಪ್ ನಿಂತಿದ್ದನ್ನು ಕಂಡ ಮೇಲೆ ವರ್ನಾ ಡ್ರೈಲಿಂಗ್ ಮಾಡಬೇಕಾಗಿದ್ದ ಕೆಲಸ ಒಂದೇ. ಮನೆಯಲ್ಲಿ ಮಾಡಿದ ಬಿಯರಿನ ಸ್ಪರ್ಧೆ ನಡೆಸುವವರ ಬಳಿ ಹೋಗಿ, ಗೋಧಿ ಬಿಯರಿನ ಮೇಜಿಗೆ ನನ್ನನ್ನು ತೀರ್ಪಿಗೆ ಕೂರಿಸಬೇಡಿ ಎನ್ನಬೇಕಿತ್ತು. ಗ್ಲೆನ್ ಮನೆಯಲ್ಲಿ ಗೋಧಿ ಬಿಯರು ಬಿಟ್ಟು ಬೇರೆ ಮಾಡಿದವನಲ್ಲ. ಬಾಟಲಿಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು, ನಿಜ. ಆದರೆ ಇಪ್ಪತ್ತು ವರ್ಷ ಅವನ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳಿದವಳ ಮೂಗಿಗೆ ನಂಬರು ಯಾವ ಲೆಕ್ಕ? ವರ್ನಾ ಹೋಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು, ಸಭಾಂಗಣದ ಫ್ಯಾನಿನ ಕೆಳಗೆ, ಮುದುಕ ಎಲ್ರಾಯ್ ವರ್ತ್‌ನ ಪಕ್ಕ ತೀರ್ಪುಗಾರ್ತಿಯಾಗಿ ಕೂತಳು.

ಗಂಡ ಗ್ಲೆನ್ ಅವಳನ್ನು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಈಗ ಸಲೈನಾದಲ್ಲಿ ಡಾರ್ಲಾ ಎಂಬುವಳ ಜೊತೆ ಇದ್ದ. ಅವಮಾನವನ್ನು ವರ್ನಾ ನುಂಗಿಕೊಂಡಳು, ಊರವರ ಕನಿಕರವನ್ನೂ ನುಂಗಿಕೊಂಡಳು. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಹೋಗುವಾಗ ಅವನು ಈ ಮನೆಯದೇನನ್ನಾದರೂ ಜೊತೆಗೆ ಒಯ್ದನೋ, ಇಲ್ಲ ಕಾಲಿನ ಧೂಳು ಕೊಡವಿದಂತೆ ಎಲ್ಲವನ್ನೂ ಕೊಡವಿ ಹೋದನೋ?

ಅದು ಅವನ ಬಿಯರಿನಲ್ಲಿ ಗೊತ್ತಾಗುತ್ತದೆ ಎಂದು ಅವಳು ನಂಬಿದ್ದಳು. ಕ್ಯಾನ್ಸಸ್‌ನ ಗೋಧಿ ಬಿಯರು ಹಗುರವಾಗಿರಬೇಕು. ನಾದಿದ ಹಿಟ್ಟಿನ ರುಚಿ, ನಿಂಬೆಸಿಪ್ಪೆಯ ಸುಳಿವು, ಕೊನೆಗೆ ಚೂರು ಕಹಿ, ಅಷ್ಟೇ. ಬಾಳೆಹಣ್ಣಿನ ವಾಸನೆ ಬಂತೋ ಅಂಕ ಹೋಯಿತು; ಹುದುಗುವಾಗ ಸೆಕೆ ಹೆಚ್ಚಾಗಿದೆ ಎಂದು ಅರ್ಥ. ಗ್ಲೆನ್‌ನ ಬಿಯರಿನಲ್ಲಿ ಬಾಳೆಹಣ್ಣು ಬಾರದ ವರ್ಷವೇ ಇರಲಿಲ್ಲ. ಅವನು ಹುದುಗುವ ಗಾಜಿನ ಜಾಡಿಯನ್ನು ಅಡುಗೆಮನೆಯ ಒಲೆಯ ಹಿಂದೆ ಇಡುತ್ತಿದ್ದ. ತಂಪಾದ ನೆಲಮಾಳಿಗೆಗೆ ಇಳಿಸೋ ಎಂದು ವರ್ನಾ ಗಂಟಲು ಹರಿದುಕೊಂಡದ್ದೇ ಬಂತು.

“ಇಲ್ಲಿದ್ರೆ ನಾವು ಊಟ ಮಾಡುವಾಗ ಗುಳುಗುಳು ಅಂತ ಮಾತಾಡ್ತಿರುತ್ತೆ ಕಣೆ. ಪಾಪ, ಕೆಳಗೆ ಒಂಟಿಯಾಗಿ ಯಾರ ಹತ್ರ ಮಾತಾಡುತ್ತೆ?” ಎನ್ನುತ್ತಿದ್ದ.

ಮಕ್ಕಳಿಲ್ಲದ ಮನೆ. ಆ ಊಟದ ಮೇಜಿಗೆ ಮೂರನೆಯವರು ಅಂತ ಇದ್ದದ್ದು ಆ ಗುಳುಗುಳು ಒಂದೇ.

ಮೊದಲ ಬಾಟಲಿ ಹುಳಿ ಹತ್ತಿತ್ತು. ಎರಡನೆಯದನ್ನು ಎಲ್ರಾಯ್ ಒಂದು ಗುಟುಕು ಕುಡಿದು, ತಲೆ ಹಿಂದಕ್ಕೆ ಹಾಕಿ, “ಆಹಾ! ತೊಳೆದಿಟ್ಟ ತಟ್ಟೆ ಥರ ಇದೆ ಕಣಮ್ಮ,” ಎಂದ. ವರ್ನಾ ಮೂಸಿದಳು, ಕುಡಿದಳು, ‘ಒಂದು ಕುಂದೂ ಇಲ್ಲ’ ಎಂದು ಬರೆದು ಪಕ್ಕಕ್ಕಿಟ್ಟಳು. ಅದರಲ್ಲಿ ಅವಳಿಗೆ ಬೇಕಾದ್ದೇನೂ ಇರಲಿಲ್ಲ.

ಐದನೆಯ ಲೋಟ ಮೂಗಿನ ಹತ್ತಿರ ಬರುವಷ್ಟರಲ್ಲೇ ಅವಳ ಕೈ ನಿಂತಿತು. ಬಾಳೆಹಣ್ಣು. ಅದರ ಹಿಂದೆಯೇ ಇಡೀ ಅಡುಗೆಮನೆ ಬಂತು.

“ಅಯ್ಯೋ ದೇವರೇ, ಇದೇನು ಬಿಯರೋ ಬಾಳೆಹಣ್ಣಿನ ಕೇಕೋ?” ಎಲ್ರಾಯ್ ಮೂಗು ಮುರಿದ. “ಮಾಡಿದೋನು ಜಾಡೀನ ಬಿಸಿಲಿಗೆ ಇಟ್ಟಿದ್ದ ಅಂತ ಕಾಣುತ್ತೆ.”

“ಬಿಸಿಲಿಗಲ್ಲ, ಒಲೆ ಹಿಂದೆ.”

“ನಿಂಗೆ ಹೇಗೆ ಗೊತ್ತು?”

“ಮೂಗು ಹೇಳುತ್ತೆ. ಇದಕ್ಕೆ ಮೂರನೇ ಬಹುಮಾನವಾದ್ರೂ ಕೊಡೋಣ ಎಲ್ರಾಯ್. ಇದರಲ್ಲಿ ಒಂದು ಮನೆ ಇದೆ.”

“ಮನೆಗೆ ಅಂಕ ಕೊಡೋಕೆ ಈ ಹಾಳೇಲಿ ಜಾಗ ಎಲ್ಲಿದೆ, ತೋರಿಸು! ಹೋದ್ಸಲ ಇದೇ ವಾಸನೆಗೆ ಯಾರನ್ನೋ ಅಳಿಸಿ ಕಳಿಸಿದೋಳು ನೀನು. ಇವತ್ತು ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ ಆಡ್ತಿದೀಯಲ್ಲ?” ಇನ್ನೂ ಏನೋ ಹೇಳಹೊರಟವನು ಅವಳ ಕಣ್ಣು ನೋಡಿ ದನಿ ತಗ್ಗಿಸಿದ. “ಸರಿ ಬಿಡು ತಾಯಿ. ಉಳಿದವೂ ಅಷ್ಟಕ್ಕಷ್ಟೆ. ಮೂರನೇದು ತಾನೆ, ಹೋಗ್ಲಿ.”

ಆ ಮಧ್ಯಾಹ್ನ ವರ್ನಾ ಕೋಸೂ ಮಾಂಸವೂ ತುಂಬಿದ ಬನ್ನುಗಳನ್ನು ಒಂದಲ್ಲ, ಎರಡು ತಿಂದಳು. ಬಚ್ಚಲಿಗೆ ಹೋಗಿ ತಲೆ ಬಾಚಿಕೊಂಡಳು. ಡಾರ್ಲಾಳ ಮನೆಯಲ್ಲೂ ಅವನು ಜಾಡಿಯನ್ನು ಒಲೆಯ ಹಿಂದೆಯೇ ಇಟ್ಟಿದ್ದಾನೆ! ಹಾಗೆಂದು ವಾಪಸು ಬರುತ್ತಾನೆ ಎಂದು ಆಸೆಪಡುವಷ್ಟು ಹುಚ್ಚಿಯಲ್ಲ ಅವಳು. ಅವನು ಎದುರಾದರೆ ಒಂದೇ ಮಾತು ಕೇಳುವುದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು: “ಇನ್ನೂ ಗುಳುಗುಳು ಕೇಳ್ತಾ ಊಟ ಮಾಡ್ತೀಯಾ?”

ಮೂರನೆಯ ಬಹುಮಾನ ಕೂಗಿದರು. “ಕೋಡಿ ಮತ್ತು ಜೊಲೀನ್ ಲೈಕರ್!”

ಹೊಸದಾಗಿ ಮದುವೆಯಾದಂತಿದ್ದ ಜೋಡಿಯೊಂದು ಕುರ್ಚಿ ಬೀಳಿಸಿಕೊಂಡು ಎದ್ದಿತು. ತಪ್ಪು ಕೂಗಿದರೇನೋ ಎಂದು ವರ್ನಾ ಗ್ಲೆನ್‌ನತ್ತ ತಿರುಗಿದಳು. ಅವನು ಗೋಡೆಗೊರಗಿ ಎಲ್ಲರಂತೆ ಚಪ್ಪಾಳೆ ತಟ್ಟುತ್ತಿದ್ದ. ಕೊನೆಗೆ ಮೊದಲನೆಯ ಬಹುಮಾನ, ಬಾಟಲಿ ನಂಬರ್ ಎರಡು, ಗ್ಲೆನ್ ಡ್ರೈಲಿಂಗ್.

ಅವನು ಅಂಕದ ಹಾಳೆ ಹಿಡಿದುಕೊಂಡು ನೇರ ಅವಳ ಬಳಿಗೇ ಬಂದ. ಮುಖ ಊರಗಲ.

“ಅಕ್ಷರ ನೋಡಿದ ಕೂಡ್ಲೇ ಗೊತ್ತಾಯ್ತು, ಇದು ನೀನೇ ಅಂತ. ಒಂದು ಕುಂದೂ ಇಲ್ಲ! ಅದೂ ನಿನ್ನ ಕೈಯಿಂದ! ನೀನು ಹೇಳ್ತಿದ್ದದ್ದೇ ಸರಿ ಕಣೆ ವರ್ನಾ. ಕೊನೆಗೂ ನೆಲಮಾಳಿಗೆಗೆ ಇಳಿಸ್ದೆ.”

“ಮತ್ತೆ ಗುಳುಗುಳು?”

“ಏನು?”

“ಅದರ ಮಾತು. ಮೇಲಕ್ಕೆ ಕೇಳಿಸಲ್ವಲ್ಲ.”

ಅವನು ಹುಬ್ಬು ಗಂಟಿಕ್ಕಿ ನೆನೆಸಿಕೊಳ್ಳಲು ನೋಡಿದ. “ಓ, ಅದಾ! ಇಲ್ಲಪ್ಪ, ಈಗ ಊಟದ ಹೊತ್ತಿಗೆ ಟಿವಿ ಹಾಕಿರ್ತೀವಿ,” ಎಂದು ನಕ್ಕು, ಅವಳ ಭುಜ ತಟ್ಟಿ ಹೊರಟ.

ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಚುಚ್ಚಿ ಆಡಿದ್ದರೆ ಅವಳು ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಅವಳ ಮಾತು ಕೇಳಿ ತಪ್ಪು ತಿದ್ದಿಕೊಂಡೆನೆಂದು ಕೃತಜ್ಞತೆ ಹೇಳಿ ಹೋಗಿದ್ದ. ಅವಳೇ ಅವನಿಗೆ ಪೂರ್ತಿ ಅಂಕ ಕೊಟ್ಟಿದ್ದಳು.

“ಮೇಡಂ,” ಎಂದಿತು ಪಕ್ಕದಿಂದ ಒಂದು ದನಿ. ಜೊಲೀನ್ ಲೈಕರ್, ಹಿಂದೆ ಅವಳ ಗಂಡ. “ಬಾಳೆಹಣ್ಣಿನ ವಾಸನೆ ಇದೆ ಅಂತ ಇನ್ನೊಬ್ಬ ತೀರ್ಪುಗಾರರು ಬರ್ದಿದ್ದಾರೆ. ಇವನು ಜಾಡೀನ ಒಲೆ ಪಕ್ಕದಲ್ಲೇ ಇಡ್ತಾನೆ, ಹೇಳಿದ್ರೆ ಕೇಳಲ್ಲ. ನೆಲಮಾಳಿಗೆಗೆ ಇಳಿಸಿದ್ರೆ ಸರಿಹೋಗುತ್ತಾ?”

ಈ ಪ್ರಶ್ನೆಗೆ ವರ್ನಾ ಇಪ್ಪತ್ತು ವರ್ಷ ಒಂದೇ ಉತ್ತರ ಕೊಟ್ಟವಳು. ಈಗಲೂ ಸುಳ್ಳು ಹೇಳಲಿಲ್ಲ.

“ಸರಿಹೋಗುತ್ತೆ ಮಗಳೇ. ಮೊದಲನೇ ಬಹುಮಾನಾನೂ ಬರುತ್ತೆ.”

“ಕೇಳಿದ್ಯೇನೋ?” ಎಂದು ಹುಡುಗಿ ಗೆದ್ದವಳಂತೆ ಗಂಡನ ಪಕ್ಕೆ ತಿವಿದಳು.

ವರ್ನಾ ಅವಳ ಮುಂಗೈ ಹಿಡಿದುಕೊಂಡಳು.

“ಆದ್ರೆ ಇಳಿಸಬೇಡ,” ಎಂದಳು. ಹುಡುಗಿ ತಮಾಷೆಯೆಂದು ನಕ್ಕಳು. ವರ್ನಾ ಕೈ ಬಿಡಲಿಲ್ಲ. “ಇಳಿಸಬೇಡ ಕಣೇ.”