ಬುಂದಿಗೊಂದು ಉಣ್ಣಿಯೂ ಹತ್ತಬಾರದು

"ನನ್ನ ಹೊಸಾ ಬನಿಯನ್ ನಾಯಿಗೆ ತೊಡ್ಸೀರೇನ್ರಿ ಅಕ್ಕಾರ? ತಲಿ ನೆಟ್ಟಗೈತೇನ್ ನಿಮಗ?"

"ಒದರಬ್ಯಾಡ್ರಿ, ಬುಂದಿ ಹೆದರತಾಳ."

"ನಾಯಿ ಹೆದರತೈತಂತ! ನಾ ಏನ್ ಹಾಕ್ಕೊಳ್ಳಿ?"

"ಮ್ಯಾಲ ಅಂಗಿ ಐತೆಲ್ಲ. ಬಿಳೀ ಅರಿವಿ ಮ್ಯಾಲ ಉಣ್ಣಿ ಹರಿದಾಡಿದ್ರ ಲಗೂನ ಕಾಣತಾವು. ನನ್ನ ಸೀರಿ ನೋಡಿದ್ರ ಎಲ್ಲಾ ಹೂವಿನವು."

ನನ್ನ ಗಂಡ ಮೃತ್ಯುಂಜಯ ಟೆಂಟಿನ ಗೂಟ ಕೈಯಲ್ಲಿ ಹಿಡಿದುಕೊಂಡೇ ಜಗಳಕ್ಕೆ ನಿಂತಿದ್ದರು. ನನ್ನಕ್ಕ ಸರೋಜವ್ವ ಹೊಲದ ಬದುವಿನ ಮೇಲೆ ಕುಳಿತು, ನಾಯಿಯ ಹೊಟ್ಟೆಯ ಕೆಳಗೆ ಬನಿಯನ್ನಿನ ಅಂಚನ್ನು ಗಂಟು ಹಾಕುತ್ತಿದ್ದಳು. ತಲೆ ಎತ್ತಿ ನೋಡಲೂ ಇಲ್ಲ.

"ತನುಜಾ, ನಿಮ್ಮಕ್ಕಗ ಹೇಳ."

"ನಾ ಯಾಕ ಹೇಳ್ಲಿ? ಕಬ್ಬಿಣದ ಟ್ರಂಕಿನಾಗ ಇಟ್ಟು ಕೀಲಿ ಹಾಕಬೇಕಿತ್ತು ನಿಮ್ಮ ಬನಿಯನ್ನ" ಎಂದೆ. ನನಗೂ ಸಿಟ್ಟು ಬಂದಿತ್ತು. ಅಕ್ಕ ಎಲ್ಲಿ ಎದ್ದು ಸವಣೂರಿಗೆ ಹೊರಟುಬಿಡುತ್ತಾಳೋ ಎಂಬ ಭಯ ನನಗೆ.

ಬುಂದಿ ಅಕ್ಕನ ನಾಯಿ. ಬಿಳಿ ಮೈ ತುಂಬ ಬುಂದಿಕಾಳಿನಂಥ ಹಳದಿ ಚುಕ್ಕೆ. ಮಳೆಗಾಲದಲ್ಲಿ ಅದಕ್ಕೆ ಉಣ್ಣಿ ಜ್ವರ ಬಂದು, ಅನ್ನ ಬಿಟ್ಟು, ಸಲಾಯಿನ್ ಏರಿಸಿಕೊಂಡು ಬದುಕಿತು. ಇನ್ನೊಮ್ಮೆ ಬಂದರೆ ಉಳಿಯುವುದು ಕಷ್ಟ ಎಂದು ದನದ ಡಾಕ್ಟರು ಹೇಳಿದ್ದೇ ತಡ, ಅಕ್ಕ ಮನೆ ಬಿಟ್ಟು ಹೊರಬೀಳುವುದನ್ನೇ ನಿಲ್ಲಿಸಿದಳು. ಮದುವೆಗೆ ಕರೆದರೂ ಬರಲಿಲ್ಲ, ಕುಬಸಕ್ಕೆ ಕರೆದರೂ ಬರಲಿಲ್ಲ. ಚಿಕ್ಕವರಿದ್ದಾಗ ಒಂದೇ ಕೌದಿಯಲ್ಲಿ ಮಲಗಿ ಚುಕ್ಕಿ ಎಣಿಸಿದವರು ನಾವು. ಮದುವೆಯಾದ ಮೇಲೆ ಹಾಗೆ ಒಂದು ರಾತ್ರಿಯೂ ಕಳೆದಿರಲಿಲ್ಲ. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಗೋಗರೆದ ಮೇಲೆ ಒಂದು ರಾತ್ರಿ ಹೊಲದಲ್ಲಿ ಟೆಂಟು ಹಾಕಿ ಮಲಗಲು ಒಪ್ಪಿದ್ದಳು. "ಒಂದು ಉಣ್ಣಿ ಕಂಡ್ರೂ ಆ ಕ್ಷಣಾನ ಗಾಡಿ ತಿರುಗಿಸ್ಬೇಕು" ಎಂಬ ಕರಾರಿನ ಮೇಲೆ.

ಹೀಗಾಗಿ ಗೊಟಗೋಡಿಯಲ್ಲಿ ನನ್ನ ಗಂಡನ ದೋಸ್ತ ಗಿರಿಯಪ್ಪನ ಹೊಲದಲ್ಲಿ ನಮ್ಮ ವಸ್ತಿ. ಡಾಕ್ಟರು ಕೊಟ್ಟ ಔಷಧವನ್ನು ಬುಂದಿಯ ಕುತ್ತಿಗೆಗೆ ಮೊದಲೇ ಹಾಕಿಸಿಕೊಂಡು ಬಂದಿದ್ದೆವು. ಗಿರಿಯಪ್ಪ ಟೆಂಟಿನ ಸುತ್ತ ಹುಲ್ಲು ಕೊಯ್ದು ನೆಲ ಕೆರೆದು ಕೊಟ್ಟಿದ್ದ. ಗಾಳಿ ಬರುವ ಕಡೆ ಸಗಣಿ ಕುಳ್ಳಿನ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ ಸೊಳ್ಳೆ, ಗುಂಗಾಡಿ ಬಾರದಂತೆ ಹೊಗೆ ಮಾಡಿದ್ದೆ. ಒಳಗೆ ಸೊಳ್ಳೆ ಪರದೆ. ಅದರ ಮೇಲೆ ಈ ಬನಿಯನ್.

ಆದರೂ ಬುಂದಿ ಬುಂದಿಯೇ. ಬೇಲಿಯ ಕಡೆ, ಎತ್ತರದ ಹುಲ್ಲಿನ ಕಡೆಯೇ ಅದರ ಓಟ. ಉಣ್ಣಿ ಇರುವುದೂ ಅಲ್ಲಿಯೇ.

"ನಾನೂ ಒಂದು ಉಪಾಯ ಮಾಡತೇನಿ, ತಡೀರಿ" ಎಂದು ನನ್ನ ಗಂಡ ಗಿರಿಯಪ್ಪನ ಕೊಟ್ಟಿಗೆಗೆ ಹೋಗಿ, ಗೂಟಕ್ಕೆ ತೂಗು ಹಾಕಿದ್ದ ಹಿತ್ತಾಳೆ ಗಂಟೆ ತಂದು ಬುಂದಿಯ ಕೊರಳಿಗೆ ಹಗ್ಗದಲ್ಲಿ ಕಟ್ಟಿದರು. "ಈಗ ಎಲ್ಲಿ ಹೋದ್ರೂ ತಿಳೀತೈತಿ. ಹ್ಯಾಂಗ್ರಿ ಅಕ್ಕಾರ?"

"ಅಡ್ಡಿಯಿಲ್ಲ. ತಲಿ ಐತಿ ನಿಮಗೂ" ಎಂದಳು ಅಕ್ಕ. ನನ್ನ ಗಂಡನಿಗೆ ಅವಳಿಂದ ಸಿಕ್ಕ ಮೊದಲ ಹೊಗಳಿಕೆ. ಬನಿಯನ್ ಮರೆತೇ ಹೋಯಿತು.

ಆಮೇಲಿನದು ಹಬ್ಬ. ಚುರುಮುರಿ ಕಲಸಿದೆ, ಮಿರ್ಚಿ ಕರಿದೆ. ಬುಂದಿ ಬನಿಯನ್ ತೊಟ್ಟು ಢಣ್ ಢಣ್ ಎಂದು ಹೊಲವೆಲ್ಲ ಓಡಿತು. ಸದ್ದು ಬೇಲಿಯ ಕಡೆ ಹೋದರೆ ಸಾಕು, ಮೂವರೂ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ "ಬುಂದೀ!" ಎಂದು ಕೂಗುತ್ತಿದ್ದೆವು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಹೊತ್ತು ಇಳಿಯಿತು. ಗುಡ್ಡದ ಕಡೆಯಿಂದ ಧೂಳು ಎದ್ದಿತು. ಮೇಯಲು ಹೋಗಿದ್ದ ಗಿರಿಯಪ್ಪನ ಎಮ್ಮೆಗಳು. ಕೊಟ್ಟಿಗೆಯ ದಾರಿ ಬಿಟ್ಟು ನೆಟ್ಟಗೆ ನಮ್ಮ ಟೆಂಟಿನ ಕಡೆಗೇ ನಡೆದು ಬಂದವು. ಅವುಗಳ ಬೆನ್ನ ಮೇಲೆ ಕರ್ರಗೆ ಕಚ್ಚುವ ನೊಣ, ಮೈಯಲ್ಲಿ ಉಣ್ಣಿಯೂ ಇದ್ದೀತು.

"ಅಯ್ಯಯ್ಯೋ, ನನ್ನ ಬುಂದಿ!" ಅಕ್ಕ ನಾಯಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಟೆಂಟಿಗೆ ನುಗ್ಗಿ ಪರದೆ ಎಳೆದುಕೊಂಡಳು. ಒಳಗೆ ಬುಂದಿ ಹೊರಳಾಡಿದಷ್ಟೂ ಗಂಟೆ ಢಣಗುಟ್ಟಿತು. ಗಂಟೆ ಢಣಗುಟ್ಟಿದಷ್ಟೂ ಎಮ್ಮೆಗಳು ಒತ್ತಿಕೊಂಡು ಬಂದವು. ಒಂದು ಎಮ್ಮೆ ಟೆಂಟಿನ ಬಾಗಿಲಿಗೆ ಮೂತಿ ಇಟ್ಟು ಉಸಿರು ಬಿಟ್ಟಿತು. ಇನ್ನೊಂದು ಕಂಬಕ್ಕೆ ಮೈ ತಿಕ್ಕಿತು. ಟೆಂಟು ವಾಲಿತು.

ಹಿಂದಿನಿಂದ ಗಿರಿಯಪ್ಪನ ಹೆಂಡತಿ ಶಂಕ್ರವ್ವ ಕೋಲು ಹಿಡಿದು ಓಡಿ ಬಂದಳು. "ಮುಂದಿನ ಎಮ್ಮಿ ಗಂಟಿ ಅದು! ಮುಂಜಾನೆ ಪಟ್ಟಿ ಹರೀತಂತ ಬಿಚ್ಚಿಟ್ಟಿದ್ದೆ. ಎಲ್ಲಾ ಎಮ್ಮಿ ಅದರ ಸಪ್ಪಳದ ಹಿಂದನ ಮನಿಗೆ ಬರತಾವು. ಅದನ್ನ ನಾಯಿ ಕೊರಳಿಗೆ ಕಟ್ಟಿ ಗೌಡ್ತಿ ಮಾಡೀರೇನ್ರಿ?"

ನಾನು ಗಂಡನ ಕಡೆ ತಿರುಗಿದೆ. "ಉಪಾಯ ಮಾಡತೇನಿ ಅಂದ್ರೆಲ್ಲ, ಊರಿನ ನೊಣಾನೆಲ್ಲ ಕರ್ಕೊಂಡು ಬಂದ್ರಿ!"

"ನನಗೇನ್ ಕನಸು ಬಿದ್ದಿತ್ತೇನ?"

"ಕೇಳಾಕ ಬಾಯಿ ಇರಲಿಲ್ಲೇನ? ಬಿಚ್ಚರಿ ಮೊದ್ಲ!"

ಗಂಟು ಬಿಗಿದಿತ್ತು. ಕುಡುಗೋಲಿನಿಂದ ಹಗ್ಗ ಕೊಯ್ದು ಗಂಟೆಯನ್ನು ಗಂಡನ ಕೈಗೇ ತುರುಕಿದೆ. ಶಂಕ್ರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಕಟ್ಟಿದವ್ರ ಬಾರಿಸ್ಕೋಂತ ಮುಂದ ನಡೀರಿ ಅಣ್ಣಾರ. ನಾ ಹಿಂದಿಂದ ಹೊಡ್ಕೊಂಡು ಬರತೇನಿ."

ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಂಡರು. "ಹೊಂಟೆ. ಈ ನಾಯಿ ಇರೂ ತನಕಾ ನಾ ಆ ಟೆಂಟಿನಾಗ ಕಾಲಿಡಾಂಗಿಲ್ಲ, ಕೇಳಿದೇನ?" ಎಂದು ಗಂಟೆ ಬಾರಿಸುತ್ತ ಹೊರಟರು. ಎಮ್ಮೆಗಳು ಸಾಲಾಗಿ ಅವರ ಹಿಂದೆ, ನೊಣಗಳು ಎಮ್ಮೆಗಳ ಹಿಂದೆ.

ಅಕ್ಕ ಬುಂದಿಯನ್ನು ಬೆಳಕಿಗೆ ತಂದಳು. ಕಿವಿಯ ಮಡಿಕೆ ನೋಡಿದಳು, ಬೆರಳ ಸಂದಿ ನೋಡಿದಳು, ಬನಿಯನ್ ಎತ್ತಿ ಹೊಟ್ಟೆ ನೋಡಿದಳು.

"ಒಂದೂ ಇಲ್ಲ" ಎಂದಳು.

"ಮತ್ತ?"

"ಮತ್ತೇನ, ಕೌದಿ ಹಾಸ. ಇಬ್ಬರಿಗೂ ಒಂದ ಸಾಕು."

ಟೆಂಟು ನೆಟ್ಟಗೆ ಮಾಡಿ, ಕೆಂಡಕ್ಕೆ ಇನ್ನಷ್ಟು ಸೊಪ್ಪು ಹಾಕಿದೆ. ಗಿರಿಯಪ್ಪನ ಮನೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ನನ್ನ ಗಂಡನ ದೊಡ್ಡ ನಗು ಕೇಳಿತು.

"ಕರೀಲೇನ ಅವರನ್ನ?" ಎಂದೆ.

"ಇರ್ಲಿ ಬಿಡ. ಬುಂದಿಗೆ ಕಾಲು ಚಾಚಾಕ ಜಾಗಾ ಬೇಕು."

ಅವರ ಪಾಲಿನ ಮಿರ್ಚಿಯನ್ನೂ ನಾವೇ ತಿಂದೆವು. ಅವರು ಬರಲಿಲ್ಲ.