ಹೆಂಗಸರ ಕಡೆಯ ಸೊನ್ನೆ

ಕೆನಾಲ್ ಕ್ರಾಸಿನ ಶೌಚಾಲಯ ನೆನಪಾದರೆ ಸಾಕು, ಮೌನಮ್ಮನಿಗೆ ಉಂಡದ್ದು ಗಂಟಲಿಗೆ ಬರುತ್ತಿತ್ತು. ಹಾಗಂತ ಅದನ್ನು ಬಿಟ್ಟು ಬದುಕುವ ಹಾಗೂ ಇರಲಿಲ್ಲ. ದಿನಾ ಬೆಳಿಗ್ಗೆ ಕಕ್ಕೇರಾದಿಂದ ಟಂಟಂ ಆಟೋದಲ್ಲಿ ಬಂದು ಅಲ್ಲಿ ಇಳಿದು ಶಹಾಪುರದ ಬಸ್ಸು ಹಿಡಿಯಬೇಕು. ಬಸ್ಸು ಯಾವಾಗ ಬರುತ್ತದೆಂಬುದು ಅದರ ಡ್ರೈವರನಿಗೂ ಗೊತ್ತಿರುವುದಿಲ್ಲ. ಭತ್ತದ ನಾಟಿಗೆ ಹೋಗುವ ಹೆಂಗಸರೂ ಅಲ್ಲೇ ಗುಂಪುಗೂಡಿ ನಿಲ್ಲುತ್ತಾರೆ. ಗಂಡಸರಿಗೆ ಕಂಡ ಗೋಡೆಯೆಲ್ಲ ತಮ್ಮದೇ. ಹೆಂಗಸರಿಗೆ ಬಾಗಿಲಿರುವ ಜಾಗ ಅಂತ ಇದ್ದದ್ದು ಅದೊಂದೇ.

ಕಟ್ಟುವಾಗ ಚೆಂದವಾಗಿಯೇ ಕಟ್ಟಿದ್ದರು. ಬಿಳಿ ಟೈಲ್ಸು, ಹೊಳೆಯುವ ನಲ್ಲಿ, ಗೋಡೆಯ ಮೇಲೆ ಸ್ವಚ್ಛತೆಯ ಚಿತ್ರ. ನೀರೊಂದನ್ನು ಬಿಟ್ಟು ಎಲ್ಲ ಇತ್ತು. ಪೈಪಿನ ಕೆಲಸ ಅರ್ಧಕ್ಕೆ ನಿಂತು ವರ್ಷವಾಗಿತ್ತು. ಎದುರಿಗೇ ಕಾಲುವೆ ದಡ ಮುಟ್ಟಿ ಹರಿಯುತ್ತಿದ್ದರೂ, ಯಾರೋ ಜಾರಿ ಬಿದ್ದರೆಂದು ಉದ್ದಕ್ಕೂ ತಂತಿಬೇಲಿ ಬಿಗಿದಿದ್ದರು. ಕಸ ಗುಡಿಸುವ ಹಣಮಂತಮ್ಮ ದೂರದ ಬೋರಿನಿಂದ ಕೊಡ ಹೊತ್ತು ತಂದು ಸುರಿಯುತ್ತಿದ್ದಳು. ಅದು ಮುಗಿದ ಮೇಲೆ ಒಳಗಿನ ಅವತಾರವನ್ನು ಬಾಯಿಬಿಟ್ಟು ಹೇಳುವುದೇ ಬೇಡ.

ಇಂಥ ಜಾಗದ ಬಾಗಿಲಿಗೆ ಒಂದೊಂದು ಯಂತ್ರ ಬಂತು. ಗಂಡಸರ ಕಡೆಗೊಂದು, ಹೆಂಗಸರ ಕಡೆಗೊಂದು. ಗಾಜಿನ ಪರದೆ, ಅದರ ಮೇಲೆ ಐದು ಮುಖ: ಒಂದು ತುದಿಗೆ ಹಲ್ಲುಕಿರಿಯುವ ಹಸಿರು ಮುಖ, ಇನ್ನೊಂದು ತುದಿಗೆ ಸಿಡುಕುವ ಕೆಂಪು ಮುಖ. ಹೊರಗೆ ಬಂದವರು ತಮಗನಿಸಿದ ಮುಖವನ್ನು ಒತ್ತಬೇಕು. ಒತ್ತಿದ್ದು ಆ ಮುಖದ ಬುಟ್ಟಿಗೆ ಬೀಳುತ್ತದೆ. ಬುಟ್ಟಿ ತುಂಬಿದಷ್ಟೂ ಅದರ ಕಂಬ ಏರುತ್ತದೆ. ಆ ಕಂಬಗಳ ಸಾಲಿಗೆ ಹಿಸ್ಟೋಗ್ರಾಮ್ ಅನ್ನುತ್ತಾರೆ. ಯಂತ್ರ ಕೂರಿಸುವ ಗುತ್ತಿಗೆ ಹಿಡಿದವನು ಶಹಾಪುರದ ಕಂಪ್ಯೂಟರ್ ಆಫೀಸಿನ ಅಯ್ಯಪ್ಪ. ಅವನ ಆಫೀಸಿನಲ್ಲಿ ಕೋಡ್ ಬರೆಯುವವಳು ಮೌನಮ್ಮ. ಆದರೆ ಈ ಯಂತ್ರದ ಕೋಡನ್ನು ಅವನು ಮೊದಲೇ ಬೇರೆ ಯಾರಿಂದಲೋ ಬರೆಸಿದ್ದ.

ತಿಂಗಳು ತುಂಬಿದಾಗ ಅಯ್ಯಪ್ಪ ಅವಳನ್ನು ಕರೆದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಗಂಡಸರ ಕಡೆ ಹಸಿರು ಕಂಬ ಮಾಳಿಗೆಯಷ್ಟು ಎತ್ತರ.

"ನೋಡು, ಮಂದಿ ಎಷ್ಟ ಖುಷಿ ಅದಾರ! ಬರೋ ವಾರ ಯಾದಗಿರಿ ಜಿಲ್ಲಾ ಆಫೀಸಿನಿಂದ ಮೇಡಂ ಬರಾಕತ್ಯಾರ. ಪೈಪ್ ಹಾಕಬೇಕೋ ಬ್ಯಾಡೋ ಅಂತ ಇದನ್ನ ನೋಡೇ ತೀರ್ಮಾನ ಮಾಡ್ತಾರಂತ."

ಆ ನಾತದಲ್ಲಿ ಖುಷಿಪಡುವ ಮಂದಿ ಯಾರಪ್ಪಾ ಅಂದುಕೊಂಡ ಮೌನಮ್ಮ, ಮರುದಿನ ಬಸ್ಸು ಬಿಟ್ಟು ಗಂಡಸರ ಬಾಗಿಲಿನ ಎದುರು ನಿಂತಳು. ಒಬ್ಬ ಹೊರಗೆ ಬಂದ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿದ, ತುಟಿಯೊಳಗೆ ಒತ್ತಿಕೊಂಡ, ಬೆರಳಿಗೆ ಉಳಿದ ಸುಣ್ಣವನ್ನು ಕೈಗೆ ಹತ್ತಿರ ಸಿಕ್ಕ ಗಾಜಿನ ತುದಿಗೆ ಉದ್ದಕ್ಕೆ ಸವರಿ ಹೋದ. ಹಿಂದೆ ಬಂದವನೂ ಸವರಿದ. ಹಸಿರು ಮುಖ ಆ ತುದಿಗೇ ಇತ್ತು. ಸುಣ್ಣ ಮೆತ್ತಿ ಮೆತ್ತಿ ಅದರ ಕಣ್ಣೇ ಕಾಣುತ್ತಿರಲಿಲ್ಲ. ಆಫೀಸಿಗೆ ಹೋಗಿ ಕೋಡ್ ತೆಗೆದು ನೋಡಿದರೆ ಅದರಲ್ಲೂ ತಪ್ಪಿತ್ತು. ಬೆರಳು ಇಟ್ಟು ಎತ್ತಿದರೆ ಒಂದು ಅಂತ ಬರೆಯುವ ಬದಲು, ಬೆರಳು ಜರುಗಿದಷ್ಟೂ ಸಲ ಒಂದೊಂದು ಅಂತ ಬರೆದಿತ್ತು. ಒಬ್ಬ ಸುಣ್ಣ ಒರೆಸಿದರೆ ಊರೇ ಮೆಚ್ಚಿದ ಹಾಗೆ ಬುಟ್ಟಿ ತುಂಬುತ್ತಿತ್ತು.

"ಸರ್, ಈ ಹಸರ ಕಂಬ ಮಂದೀದಲ್ರಿ, ಸುಣ್ಣದ್ದು," ಎಂದು ಎಲ್ಲ ಬಿಡಿಸಿ ಹೇಳಿದಳು. "ಒಂದ ಸಾಲ ತಿದ್ದಿದ್ರ ಸರಿ ಹೋಗ್ತದ."

ಅಯ್ಯಪ್ಪ ನಕ್ಕ. "ಏನೂ ತಿದ್ದಬ್ಯಾಡ. ಕಂಬ ಚೆಂದ ಅದ."

"ಹೆಂಗಸ್ರ ಕಡೀದು?"

"ಅಲ್ಲಿ ಸೊನ್ನಿ. ಒಬ್ಬಾಕಿನೂ ಮುಟ್ಟಿಲ್ಲ. ಅಂದ್ರ ಒಬ್ಬಾಕಿನೂ ಹೋಗಂಗಿಲ್ಲ. ಯಾರೂ ಹೋಗದ ಜಾಗಕ್ಕ ನೀರ ಯಾಕ ಬೇಕು?"

ಮೌನಮ್ಮನಿಗೆ ಮೈಯೆಲ್ಲ ಉರಿಯಿತು. ದಿನಾ ಹೋಗುವ ತಾನೇ ಎದುರಿಗೆ ಕುಂತಿದ್ದೇನೆ, ಈ ಮನುಷ್ಯನ ಲೆಕ್ಕದಲ್ಲಿ ತಾನೂ ಇಲ್ಲ. ಅವನ ಮೇಜಿನ ಮೇಲೆ ತನಗಿಟ್ಟಿದ್ದ ಚಹಾ ಕೂಡ ಅವಳಿಗೆ ಹೊಲಸು ಅನ್ನಿಸಿತು, ಕುಡಿಯದೆ ಎದ್ದು ಬಂದಳು.

ಮರುದಿನ ಬೆಳಿಗ್ಗೆ ನಾಟಿಯ ಗುಂಪಿನ ಹಿರಿಯಳು ದೇವಕಮ್ಮ ಶೌಚಾಲಯದಿಂದ ಹೊರಗೆ ಬಂದಾಗ ಮೌನಮ್ಮ ಕೇಳಿಯೇ ಬಿಟ್ಟಳು. "ಚಿಗವ್ವಾ, ಆ ಮಷೀನ್ ಒತ್ತಿ ಬರಬೇಕಿಲ್ಲೇನು?"

ದೇವಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬಲಗೈಯಾಗ ಬುತ್ತಿ ಗಂಟ ಅದ. ಎಡಗೈ ತೊಳದಿಲ್ಲ. ತೊಳಿಯಾಕ ನೀರಿಲ್ಲ. ಆ ಕೈಲೆ ನಾಕ ಮಂದಿ ಮುಟ್ಟೋ ಗಾಜ ಮುಟ್ಟಬೇಕೇನ? ನಮಗೇನ ಹೇಸಿಗಿ ಅನ್ನೋದು ಇಲ್ಲೇನವ್ವ?" ಎಂದವಳೇ ಕೈಯನ್ನು ಸೀರೆಗೆ ತಾಗದಂತೆ ದೂರ ಹಿಡಿದು, ಹೊಲಗಾಲುವೆಯಲ್ಲಿ ತೊಳೆದುಕೊಳ್ಳಲು ನಡೆದಳು.

ಮೌನಮ್ಮ ಅಲ್ಲೇ ನಿಂತಳು. ನಿಜವಾಗಿ ನೋಡಿದರೆ ತಾನೂ ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ನೀರಿಲ್ಲದ್ದಕ್ಕೆ ಕೈ ತೊಳೆದಿಲ್ಲ, ಕೈ ತೊಳೆಯದ್ದಕ್ಕೆ ಗಾಜು ಮುಟ್ಟಿಲ್ಲ, ಗಾಜು ಮುಟ್ಟದ್ದಕ್ಕೆ ಸೊನ್ನೆ, ಸೊನ್ನೆ ಬಂದದ್ದಕ್ಕೆ ನೀರಿಲ್ಲ. ಇದನ್ನು ಯಾರ ಮುಂದೆ ಹೇಳಬೇಕು?

ಹೇಳಿದ್ದು ಮೇಡಂ ಮುಂದೆ. ಅವರು ಬಂದ ದಿನ ಅಯ್ಯಪ್ಪ ಮೌನಮ್ಮನನ್ನು ಲ್ಯಾಪ್‌ಟಾಪ್ ಹಿಡಿಯಲು ನಿಲ್ಲಿಸಿಕೊಂಡಿದ್ದ. ಬಸ್ಸಿಗೆ ಕಾದಿದ್ದ ಹೆಂಗಸರು ತಮಾಷೆ ನೋಡಲು ಸುತ್ತ ನೆರೆದಿದ್ದರು. ಅಯ್ಯಪ್ಪ ಕಣ್ಣು ಕೆಂಪಗೆ ಮಾಡಿದರೂ ಮೌನಮ್ಮ ಸುಣ್ಣದ ವಿಷಯ, ಎಡಗೈ ವಿಷಯ ಎಲ್ಲ ಹೇಳಿ ಮುಗಿಸಿದಳು.

"ಬಾಯಿ ಮಾತು ಸಾಲದಮ್ಮ, ದಾಖಲೆ ಬೇಕು," ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. "ಇರಲಿ, ನಾನೇ ನೋಡಿ ಬರುತ್ತೇನೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಎಡಗೈಯನ್ನು ಮೈಯಿಂದ ದೂರ ಹಿಡಿದಿದ್ದರು, ಥೇಟ್ ದೇವಕಮ್ಮನ ಹಾಗೆಯೇ. ಯಂತ್ರದ ಎದುರು ನಿಂತರು. ಮುಟ್ಟಲಿಲ್ಲ. ಮೌನಮ್ಮನ ಎದೆ ಹಗುರಾಯಿತು. ಸದ್ಯ, ಇವರಿಗಾದರೂ ತಿಳಿಯಿತು!

ಅಷ್ಟರಲ್ಲಿ ಡ್ರೈವರ್ ಕಾರಿನಿಂದ ಸ್ಯಾನಿಟೈಜರ್ ಬಾಟಲಿ ಹಿಡಿದು ಓಡಿ ಬಂದ. ಮೇಡಂ ಎರಡು ಸಲ ಸುರಿಸಿಕೊಂಡು ಕೈ ಉಜ್ಜಿದರು. ಅಯ್ಯಪ್ಪ ಮೊಬೈಲ್ ಎತ್ತಿ ಫೋಟೋಕ್ಕೆ ಸಜ್ಜಾದ. "ನಗರಿ ಮೇಡಂ, ಒತ್ತರಿ."

ಮೇಡಂ ನಕ್ಕರು. ಹಸಿರು ಮುಖ ಒತ್ತಿದರು.

ಮೌನಮ್ಮನ ಕೈಯೊಳಗಿನ ಲ್ಯಾಪ್‌ಟಾಪಿನಲ್ಲಿ, ತಿಂಗಳಿಡೀ ಬರಿದಾಗಿದ್ದ ಹೆಂಗಸರ ಕಡೆಗೆ ಒಂದು ಕಂಬ ಎದ್ದಿತು. ಉಳಿದ ಬುಟ್ಟಿಗಳು ಖಾಲಿಯಿದ್ದರೆ ಒಂದೇ ಒಂದು ಬಿದ್ದರೂ ಕಂಬ ಪರದೆಯಷ್ಟೆತ್ತರ ನಿಲ್ಲುತ್ತದೆ.

"ನೂರಕ್ಕ ನೂರ, ಮೇಡಂ!" ಎಂದು ಅಯ್ಯಪ್ಪ ಕುಣಿದಾಡಿದ. "ತಕರಾರೇ ಇಲ್ಲ."

"ಸರಿ ಹಾಗಾದರೆ," ಎಂದರು ಮೇಡಂ. "ಪೈಪಿನ ವಿಷಯ ಮುಂದೆ ನೋಡೋಣ."

ಥೂ! ಮೌನಮ್ಮನಿಗೆ ಆ ಕ್ಷಣಕ್ಕೆ ಒಳಗಿನ ನಾತವೇ ವಾಸಿ ಅನ್ನಿಸಿತು. ಅದಕ್ಕಾದರೂ ಮುಚ್ಚುಮರೆ ಇಲ್ಲ. ಲ್ಯಾಪ್‌ಟಾಪನ್ನು ಅಯ್ಯಪ್ಪನ ಕೈಗೆ ತುರುಕಿ, ಯಾರನ್ನೂ ಕೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದು ಯಂತ್ರದ ಮುಂದೆ ನಿಂತಳು. ಎಡಗೈ ಮುಂದಕ್ಕೆ ಹೋಗಲೊಲ್ಲದು. ಅವ್ವ ಕಲಿಸಿದ್ದು, ಅಜ್ಜಿ ಕಲಿಸಿದ್ದು ಎಲ್ಲ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗುತ್ತಿತ್ತು. ಕಣ್ಣು ಮುಚ್ಚಿ, ತೊಳೆಯದ ಆ ಕೈಯಿಂದಲೇ ಕೆಂಪು ಮುಖವನ್ನು ಒತ್ತಿದಳು.

"ಏ ಹುಡುಗಿ, ಹೇಸಿಗಿ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಯಾರೂ ನಗಲಿಲ್ಲ.

ದೇವಕಮ್ಮ ಬುತ್ತಿ ಗಂಟನ್ನು ಪಕ್ಕದವಳಿಗೆ ಕೊಟ್ಟು ಒಳಗೆ ಹೋದಳು. ಬಂದು, ಮುಖ ಆಚೆ ತಿರುಗಿಸಿಕೊಂಡು ಕೆಂಪು ಒತ್ತಿದಳು. ಆಮೇಲೆ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು. ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು, ಒಬ್ಬರೂ ಹತ್ತಲಿಲ್ಲ. ಗಾಜು ನೋಡಲಾಗದಷ್ಟು ಹೊಲಸಾಯಿತು. ಲ್ಯಾಪ್‌ಟಾಪಿನಲ್ಲಿ ಕೆಂಪು ಕಂಬ ಏರಿದ ಹಾಗೆ, ಮೇಡಂ ಎಬ್ಬಿಸಿದ ಹಸಿರು ಕಂಬ ಕುಗ್ಗಿ ಕುಗ್ಗಿ ಗೆರೆಯಂತಾಯಿತು.

ಮೇಡಂ ಮೂಗಿಗೆ ಸೆರಗು ಒತ್ತಿಕೊಂಡರು. "ಇದೆಲ್ಲ ಬೇಕಂತಲೇ ಮಾಡುತ್ತಿದ್ದಾರೆ. ಆ ಮಷೀನ್ ಬಿಚ್ಚಿ ಕಾರಿನಲ್ಲಿಡಿ. ಯಾದಗಿರಿಯಲ್ಲಿ ಕೂತು ನೋಡೋಣ."

ಅಯ್ಯಪ್ಪ ಯಂತ್ರದ ಹತ್ತಿರ ಹೋದ. ಕೈ ಚಾಚಿದ. ಗಾಜು ನೋಡಿ ಹಿಂದಕ್ಕೆಳೆದುಕೊಂಡ. ಡ್ರೈವರನ ಕಡೆ ನೋಡಿದ. ಡ್ರೈವರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಲುವೆ ನೋಡತೊಡಗಿದ. ಆಗ ಅಯ್ಯಪ್ಪನ ಕಣ್ಣು, ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಯಿತು.

"ಏ ಹಣಮಂತಮ್ಮ, ಬಾ ಇಲ್ಲಿ. ಇದನ್ನ ಎತ್ತಿಡು."

ಹಣಮಂತಮ್ಮ ಪೊರಕೆಯನ್ನು ಗೋಡೆಗೆ ಆನಿಸಿದಳು. ಕೈಯಲ್ಲಿದ್ದ ಬರಿಗೊಡವನ್ನು ತಂದು ಮೇಡಂ ಕಾಲ ಬಳಿ ಇಟ್ಟಳು.

"ನೀರ ಕೊಡ್ರಿ," ಎಂದಳು. "ತೊಳದ ಕೊಡ್ತೀನಿ."